ಕೂಗಿದರೆ ಓಗೊಡಬೇಕು: ವಿಮಾನಗಳ ಡಿಕ್ಕಿ ತಪ್ಪಿಸುವ ಪೆಟ್ಟಿಗೆಯ ಕಥೆ

1996ರ ನವೆಂಬರ್ 12. ಹರಿಯಾಣದ ಭಿವಾನಿ ಜಿಲ್ಲೆಯ ಚರ್ಖಿ ದಾದ್ರಿ ಸುತ್ತಮುತ್ತ ಆಗಷ್ಟೇ ಕತ್ತಲಾಗಿತ್ತು. ಸಂಜೆ ಆರೂಮುಕ್ಕಾಲರ ಸುಮಾರಿಗೆ ಮೋಡದೊಳಗೆ ದೊಡ್ಡ ಬೆಳಕು ಕಾಣಿಸಿತು. ಸ್ವಲ್ಪ ಹೊತ್ತಿಗೆ ಎರಡು ವಿಮಾನಗಳ ಚೂರುಗಳು ಹೊಲಗಳ ಮೇಲೆ ಬಿದ್ದವು. ಒಟ್ಟು 349 ಜನ ಸತ್ತರು. ಒಬ್ಬರೂ ಉಳಿಯಲಿಲ್ಲ. ಹಾರುತ್ತಿರುವ ಎರಡು ವಿಮಾನಗಳು ಡಿಕ್ಕಿಯಾದ ಘಟನೆಗಳಲ್ಲಿ ಇಷ್ಟು ಜನ ಸತ್ತದ್ದು ಅದಕ್ಕೂ ಮೊದಲಿಲ್ಲ, ಆಮೇಲೂ ಇಲ್ಲ.

ಒಂದು ಸೌದಿಯ ಬೋಯಿಂಗ್ 747. ದೆಹಲಿಯಿಂದ ಆಗತಾನೆ ಮೇಲೆದ್ದಿತ್ತು. ಅದರಲ್ಲಿ 312 ಜನ. ಅವರಲ್ಲಿ ಹೆಚ್ಚಿನವರು ದುಡಿಮೆಗೆಂದು ಸೌದಿಗೆ ಹೊರಟ ನಮ್ಮ ದೇಶದವರೇ. ಇನ್ನೊಂದು ಕಜಕಸ್ತಾನದ ಇಲ್ಯೂಷಿನ್ 76. ದೆಹಲಿಗೆ ಇಳಿಯಲು ಬರುತ್ತಿತ್ತು. ಅದರಲ್ಲಿ 37 ಜನ.

ಎರಡೂ ವಿಮಾನಗಳಿಗೆ ಕೆಳಗಿನಿಂದ ಸರಿಯಾದ ಸೂಚನೆಯೇ ಹೋಗಿತ್ತು. ಏರುವ ವಿಮಾನ 14,000 ಅಡಿಗೆ ನಿಲ್ಲಬೇಕು, ಇಳಿಯುವ ವಿಮಾನ 15,000 ಅಡಿಗೆ ನಿಲ್ಲಬೇಕು. ನಡುವೆ ಸಾವಿರ ಅಡಿ ಅಂತರ. ಆದರೆ ಕಜಕ್ ವಿಮಾನ 15,000ಕ್ಕೆ ನಿಲ್ಲದೆ ಇನ್ನೂ ಕೆಳಗೆ ಬಂತು. ಆ ವಿಮಾನದಲ್ಲಿ ಕಂಟ್ರೋಲರ್ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದವನು ರೇಡಿಯೋ ಆಪರೇಟರ್. ಎತ್ತರ ತೋರಿಸುವ ಮಾಪಕ ಅವನ ಮುಂದೆ ಇರಲಿಲ್ಲ. ಪೈಲಟ್‌ಗಳ ಮುಂದಿನ ಮಾಪಕವನ್ನು ಬಗ್ಗಿ ನೋಡಬೇಕಿತ್ತು. ಎತ್ತರ ತಪ್ಪಿದೆ ಎಂದು ಅವನಿಗೆ ಹೊಳೆದು, ಮೇಲೇರಿ ಎಂದು ಕೂಗುವ ಹೊತ್ತಿಗೆ ಸಮಯ ಮೀರಿತ್ತು.

ದೆಹಲಿ ನಿಲ್ದಾಣಕ್ಕೆ ಬರುವ ಮತ್ತು ಹೋಗುವ ವಿಮಾನಗಳಿಗೆ ಆಗ ಒಂದೇ ದಾರಿ ಇತ್ತು. ಸುತ್ತಲಿನ ಆಕಾಶದ ಬಹುಪಾಲು ವಾಯುಪಡೆಯ ಕೈಯಲ್ಲಿತ್ತು. ನಿಲ್ದಾಣದ ರೇಡಾರ್ ಹಳೆಯ ಬಗೆಯದು. ವಿಮಾನ ಎಲ್ಲಿದೆ ಎಂದು ಚುಕ್ಕೆಯಾಗಿ ತೋರಿಸುತ್ತಿತ್ತು, ಎಷ್ಟು ಎತ್ತರದಲ್ಲಿದೆ ಎಂದು ತೋರಿಸುತ್ತಿರಲಿಲ್ಲ. ಪೈಲಟ್ ಹೇಳಿದ ಎತ್ತರವನ್ನು ಕಂಟ್ರೋಲರ್ ನಂಬಬೇಕಿತ್ತು, ಅಷ್ಟೆ.

ಈ ಡಿಕ್ಕಿಯನ್ನು ತಪ್ಪಿಸಬಲ್ಲ ಒಂದು ಪೆಟ್ಟಿಗೆ ಆಗಲೇ ಜಗತ್ತಿನಲ್ಲಿತ್ತು. ಅಮೆರಿಕದ ದೊಡ್ಡ ಪ್ರಯಾಣಿಕ ವಿಮಾನಗಳಲ್ಲಿ ಅದು ಮೂರು ವರ್ಷಗಳ ಹಿಂದೆಯೇ ಕಡ್ಡಾಯವಾಗಿತ್ತು. ಭಾರತಕ್ಕೆ ಬರುವ ವಿಮಾನದಲ್ಲಿ ಅದು ಇರಲೇಬೇಕೆಂಬ ನಿಯಮ ಮಾತ್ರ ಇರಲಿಲ್ಲ. ಆ ಪೆಟ್ಟಿಗೆಯ ಹೆಸರು ಟಿಕ್ಯಾಸ್. ಅದು ಹೇಗೆ ಹುಟ್ಟಿತು, ಒಳಗಿನ ವೈರುಗಳು ಏನು ಮಾಡುತ್ತವೆ, ಇದ್ದೂ ಕೆಲವು ಸಲ ಯಾಕೆ ಸೋತಿತು ಎಂಬುದನ್ನು ನಾವು ಇಲ್ಲಿ ಹೇಳುತ್ತೇವೆ.

ಎಷ್ಟು ದೂರ ಅಲ್ಲ, ಎಷ್ಟು ಹೊತ್ತು

ಕಥೆ ಶುರುವಾಗುವುದು ಅಮೆರಿಕದಲ್ಲಿ. 1956ರ ಜೂನ್ 30ರ ಬೆಳಿಗ್ಗೆ ಲಾಸ್ ಏಂಜಲೀಸ್‌ನಿಂದ ಎರಡು ವಿಮಾನಗಳು ಕೆಲವೇ ನಿಮಿಷಗಳ ಅಂತರದಲ್ಲಿ ಹೊರಟವು. ಗ್ರ್ಯಾಂಡ್ ಕ್ಯಾನ್ಯನ್ ಎಂಬ ದೊಡ್ಡ ಕಣಿವೆಯ ಮೇಲೆ, 21,000 ಅಡಿ ಎತ್ತರದಲ್ಲಿ, ಒಂದಕ್ಕೊಂದು ಬಡಿದವು. 128 ಜನ ಸತ್ತರು. ಅಂಥ ಕಡೆ ಆಗ ರೇಡಾರ್ ಕಾವಲು ಇರಲಿಲ್ಲ. ಎದುರಿನ ವಿಮಾನವನ್ನು ಪೈಲಟ್ ತನ್ನ ಕಣ್ಣಿನಿಂದಲೇ ನೋಡಿ ತಪ್ಪಿಸಿಕೊಳ್ಳಬೇಕಿತ್ತು.

ಕಣ್ಣು ಯಾಕೆ ಸಾಲದು ಎಂಬುದಕ್ಕೆ ಒಂದು ಲೆಕ್ಕ ನೋಡಿ. ಎರಡು ವಿಮಾನಗಳು ಗಂಟೆಗೆ 800 ಕಿಲೋಮೀಟರ್ ವೇಗದಲ್ಲಿ ಎದುರುಬದುರು ಬಂದರೆ, ಒಂದನ್ನೊಂದು ಸಮೀಪಿಸುವ ವೇಗ 1,600 ಕಿಲೋಮೀಟರ್. ನಡುವೆ 16 ಕಿಲೋಮೀಟರ್ ಇದ್ದರೂ ಡಿಕ್ಕಿಗೆ ಉಳಿದಿರುವುದು 36 ಸೆಕೆಂಡ್. ಅಷ್ಟು ದೂರದ ವಿಮಾನ ಕಣ್ಣಿಗೆ ಸಾಸಿವೆ ಕಾಳಿನಷ್ಟೂ ಕಾಣುವುದಿಲ್ಲ.

ಬೆಂಡಿಕ್ಸ್ ಎಂಬ ಕಂಪನಿಯಲ್ಲಿದ್ದ ವಿಜ್ಞಾನಿ ಜೆ. ಎಸ್. ಮೊರೆಲ್ ಅದೇ ಕಾಲದಲ್ಲಿ ಒಂದು ಸರಳ ವಿಚಾರ ಮುಂದಿಟ್ಟರು. ಎದುರಿನ ವಿಮಾನ ಎಷ್ಟು ದೂರ ಇದೆ ಎಂದು ನೋಡಬೇಡಿ, ಎಷ್ಟು ಹೊತ್ತಿಗೆ ತಲುಪುತ್ತದೆ ಎಂದು ನೋಡಿ. ನಾವು ಹೆದ್ದಾರಿ ದಾಟುವಾಗ ಮಾಡುವುದೂ ಇದನ್ನೇ. ಎತ್ತಿನ ಗಾಡಿ ಹತ್ತು ಮಾರು ದೂರದಲ್ಲಿದ್ದರೂ ದಾಟುತ್ತೇವೆ. ಲಾರಿ ನೂರು ಮಾರು ದೂರದಲ್ಲಿದ್ದರೂ ನಿಲ್ಲುತ್ತೇವೆ. ದೂರವನ್ನು ವೇಗದಿಂದ ಭಾಗಿಸಿದರೆ ಉಳಿದಿರುವ ಸಮಯ ಸಿಗುತ್ತದೆ. ಇವತ್ತಿನ ಪೆಟ್ಟಿಗೆಯ ಮುಖ್ಯ ಲೆಕ್ಕವೂ ಇದೇ.

ಲೆಕ್ಕ ಸಿಕ್ಕಿತು. ಆದರೆ ದೂರ ಅಳೆಯುವುದು ಹೇಗೆ? 1960ರ ದಶಕದಲ್ಲಿ ಕೆಲವು ಕಂಪನಿಗಳು ಸಾಧನಗಳನ್ನು ಮಾಡಿ ನೋಡಿದವು. ಅವುಗಳಲ್ಲಿ ಒಂದು ದೊಡ್ಡ ತೊಡಕಿತ್ತು. ಎರಡೂ ವಿಮಾನಗಳಲ್ಲಿ ಅದೇ ಸಾಧನ ಇದ್ದರೆ ಮಾತ್ರ ಉಪಯೋಗ. ಮೊದಲು ಕೊಂಡವನಿಗೆ ಏನೂ ಲಾಭವಿಲ್ಲ. ಹಾಗಾಗಿ ಯಾರೂ ಮೊದಲು ಕೊಳ್ಳಲು ಮುಂದಾಗಲಿಲ್ಲ.

1970ರ ದಶಕದಲ್ಲಿ ದಾರಿ ತೋರಿಸಿದ್ದು ವಿಮಾನಗಳಲ್ಲಿ ಆಗಲೇ ಇದ್ದ ಇನ್ನೊಂದು ಸಾಧನ, ಟ್ರಾನ್ಸ್‌ಪಾಂಡರ್. ಇದರ ಮೂಲ ಎರಡನೇ ಮಹಾಯುದ್ಧದ್ದು. ಬರುತ್ತಿರುವ ವಿಮಾನ ನಮ್ಮದೋ ಶತ್ರುವಿನದೋ ಎಂದು ತಿಳಿಯಲು ಮಾಡಿದ್ದು. ನೆಲದ ರೇಡಾರ್ ರೇಡಿಯೋ ಅಲೆಯಲ್ಲಿ ಒಂದು ಪ್ರಶ್ನೆ ಕೇಳುತ್ತದೆ. ಟ್ರಾನ್ಸ್‌ಪಾಂಡರ್ ತಾನಾಗಿ ಉತ್ತರ ಕೊಡುತ್ತದೆ. ಕತ್ತಲಲ್ಲಿ ತೋಟದ ಈ ತುದಿಯಿಂದ ಕೂಗಿದರೆ ಆ ತುದಿಯಲ್ಲಿದ್ದವರು ಓಗೊಟ್ಟ ಹಾಗೆ. ನೆಲದಿಂದ ಕೇಳುವ ಪ್ರಶ್ನೆಯನ್ನು ಒಂದು ವಿಮಾನವೇ ಇನ್ನೊಂದಕ್ಕೆ ಕೇಳಿದರೆ? ಎದುರಿನವನು ಹೊಸದೇನನ್ನೂ ಕೊಳ್ಳಬೇಕಿಲ್ಲ. ಅವನ ಹಳೆಯ ಟ್ರಾನ್ಸ್‌ಪಾಂಡರ್ ಓಗೊಟ್ಟರೆ ಸಾಕು. ನೆಲದ ರೇಡಾರ್ ಕೂಡ ಬೇಕಿಲ್ಲ.

ಪ್ರತಿ ಹೆಜ್ಜೆಗೂ ಒಂದು ಸಾವಿನ ಲೆಕ್ಕ

ವಿಚಾರ ಸಿಕ್ಕಮೇಲೂ ಕಾನೂನು ಬರಲು ವರ್ಷಗಳೇ ಹಿಡಿದವು. 1978ರ ಸೆಪ್ಟೆಂಬರ್ 25ರಂದು ಸ್ಯಾನ್ ಡಿಯಾಗೋ ನಗರದ ಮೇಲೆ ಬೋಯಿಂಗ್ 727 ಮತ್ತು ಒಂದು ಪುಟ್ಟ ಸೆಸ್ನಾ ವಿಮಾನ ಡಿಕ್ಕಿಯಾಗಿ 144 ಜನ ಸತ್ತರು. 1981ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಟಿಕ್ಯಾಸ್ ಮಾಡಿಯೇ ತೀರಬೇಕೆಂದು ನಿರ್ಧರಿಸಿತು. 1986ರ ಆಗಸ್ಟ್ 31ರಂದು ಲಾಸ್ ಏಂಜಲೀಸ್ ಪಕ್ಕದ ಸೆರಿಟೋಸ್ ಊರಿನ ಮನೆಗಳ ಮೇಲೆ ಇನ್ನೆರಡು ವಿಮಾನಗಳು ಬಿದ್ದವು. ನೆಲದ ಮೇಲಿದ್ದ 15 ಜನರೂ ಸೇರಿ 82 ಸಾವು. ಅಲ್ಲಿದ್ದ ಸಣ್ಣ ವಿಮಾನದ ಟ್ರಾನ್ಸ್‌ಪಾಂಡರ್ ಎತ್ತರವನ್ನು ಹೇಳುವ ಬಗೆಯದಾಗಿರಲಿಲ್ಲ.

ಮರುವರ್ಷ, 1987ರಲ್ಲಿ, ಅಮೆರಿಕದ ಸಂಸತ್ತು ಕಾನೂನು ಮಾಡಿತು. 1993ರ ಕೊನೆಯ ಹೊತ್ತಿಗೆ 30ಕ್ಕಿಂತ ಹೆಚ್ಚು ಸೀಟಿನ ಪ್ರಯಾಣಿಕ ವಿಮಾನಗಳಲ್ಲೆಲ್ಲ ಟಿಕ್ಯಾಸ್ ಕಡ್ಡಾಯವಾಯಿತು.

ಪೆಟ್ಟಿಗೆ ಏನು ಮಾಡುತ್ತದೆ

ಟಿಕ್ಯಾಸ್ ಸುಮಾರು ಸೆಕೆಂಡಿಗೊಮ್ಮೆ 1030 ಮೆಗಾಹರ್ಟ್ಸ್‌ನಲ್ಲಿ ಪ್ರಶ್ನೆ ಕೇಳುತ್ತದೆ. ಅಕ್ಕಪಕ್ಕದ ವಿಮಾನಗಳು 1090 ಮೆಗಾಹರ್ಟ್ಸ್‌ನಲ್ಲಿ ಉತ್ತರಿಸುತ್ತವೆ. ಉತ್ತರ ಬರಲು ಹಿಡಿದ ಸಮಯದಿಂದ ದೂರ ಗೊತ್ತಾಗುತ್ತದೆ. ಉತ್ತರದೊಳಗೆ ಎತ್ತರ ಇರುತ್ತದೆ. ದೂರ ಎಷ್ಟು ಬೇಗ ಕಡಿಮೆಯಾಗುತ್ತಿದೆ ಎಂಬುದರಿಂದ ಉಳಿದ ಸಮಯ ಗೊತ್ತಾಗುತ್ತದೆ.

ಡಿಕ್ಕಿಗೆ 20ರಿಂದ 48 ಸೆಕೆಂಡ್ ಇರುವಾಗ ಪೆಟ್ಟಿಗೆ 'ಟ್ರಾಫಿಕ್, ಟ್ರಾಫಿಕ್' ಎಂದು ಎಚ್ಚರಿಸುತ್ತದೆ. ಎತ್ತರ ಹೆಚ್ಚಿದಷ್ಟೂ ಈ ಎಚ್ಚರಿಕೆ ಬೇಗ ಬರುತ್ತದೆ. ಅಪಾಯ ಹತ್ತಿರವಾದರೆ, 15ರಿಂದ 35 ಸೆಕೆಂಡ್ ಉಳಿದಿರುವಾಗ, ಆಜ್ಞೆಯನ್ನೇ ಕೊಡುತ್ತದೆ: ಮೇಲೇರು, ಇಲ್ಲವೇ ಕೆಳಗಿಳಿ. ಐದು ಸೆಕೆಂಡಿನೊಳಗೆ ಪೈಲಟ್ ಅದರಂತೆ ನಡೆಯುತ್ತಾನೆ ಎಂದು ಲೆಕ್ಕಹಾಕಿಯೇ ಅದನ್ನು ಮಾಡಿದ್ದಾರೆ. ಎಡಕ್ಕೆ, ಬಲಕ್ಕೆ ತಿರುಗು ಎಂದು ಮಾತ್ರ ಅದು ಹೇಳುವುದಿಲ್ಲ. ದಿಕ್ಕನ್ನು ಅಳೆಯುವುದರಲ್ಲಿ ಅದು ಅಷ್ಟು ನಿಖರವಲ್ಲ.

ಎರಡೂ ವಿಮಾನಗಳಲ್ಲಿ ಟಿಕ್ಯಾಸ್ ಇದ್ದರೆ ಅವೆರಡೂ ಪರಸ್ಪರ ಮಾತಾಡಿಕೊಳ್ಳುತ್ತವೆ. ನಾನು ಮೇಲೆ, ನೀನು ಕೆಳಗೆ. ಎರಡೂ ಒಂದೇ ಗಳಿಗೆಯಲ್ಲಿ 'ನಾನು ಮೇಲೆ' ಎಂದುಬಿಟ್ಟರೆ? ಅದಕ್ಕೂ ದಾರಿ ಇದೆ. ಪ್ರತಿ ವಿಮಾನಕ್ಕೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಯಾರ ಸಂಖ್ಯೆ ದೊಡ್ಡದೋ ಅವರು ತಮ್ಮ ನಿರ್ಧಾರ ಬದಲಿಸುತ್ತಾರೆ. ಕಿರಿದಾದ ಏರಿಯ ಮೇಲೆ ಇಬ್ಬರು ಎದುರಾದಾಗ ಯಾರು ಪಕ್ಕಕ್ಕೆ ಸರಿಯಬೇಕು ಎಂದು ಮೊದಲೇ ಗೊತ್ತುಮಾಡಿಕೊಂಡ ಹಾಗೆ.

ವೈರು ತಪ್ಪಿದರೆ

ಪೆಟ್ಟಿಗೆ ಎಷ್ಟೇ ಬುದ್ಧಿವಂತ ಆಗಿರಲಿ, ಅದನ್ನು ಜೋಡಿಸುವವನ ಕೈಯಲ್ಲಿ ಅರ್ಧ ಜೀವ ಇದೆ. ಇದು ವಿಮಾನ ಹತ್ತುವವರಿಗೆ ಕಾಣುವುದೇ ಇಲ್ಲ.

ಮೊದಲಿಗೆ ಆ ಗುರುತಿನ ಸಂಖ್ಯೆ. ಅದು 24 ಬಿಟ್ ಉದ್ದದ್ದು. ಒಟ್ಟು 1,67,77,216 ಸಂಖ್ಯೆಗಳು ಸಾಧ್ಯ. ಅದರಲ್ಲಿ ಪ್ರತಿ ದೇಶಕ್ಕೂ ಒಂದೊಂದು ಪಾಲು. ಭಾರತದ ಪಾಲು 2,62,144. ಬಹಳ ವಿಮಾನಗಳಲ್ಲಿ ಈ ಸಂಖ್ಯೆಯನ್ನು ಬರೆಯುವುದು ವೈರಿನಿಂದಲೇ. ಕನೆಕ್ಟರಿನಲ್ಲಿ 24 ಪಿನ್‌ಗಳು. ಕೆಲವನ್ನು ಅರ್ತ್‌ಗೆ ಜೋಡಿಸುತ್ತಾರೆ, ಕೆಲವನ್ನು ಹಾಗೇ ಬಿಡುತ್ತಾರೆ. ಜೋಡಿಸಿದ್ದು ಒಂದು, ಬಿಟ್ಟದ್ದು ಸೊನ್ನೆ. ವಿಮಾನ ಬೇರೆ ದೇಶಕ್ಕೆ ಮಾರಾಟವಾದರೆ ನೋಂದಣಿ ಬದಲಾಗುತ್ತದೆ, ಜೊತೆಗೆ ಈ ಸಂಖ್ಯೆಯೂ ಬದಲಾಗಬೇಕು. ಅಂದರೆ ಆ ವೈರುಗಳನ್ನು ಬಿಚ್ಚಿ ಮತ್ತೆ ಕಟ್ಟಬೇಕು.

ಮರೆತರೆ ಏನಾಗುತ್ತದೆ? ಎರಡು ವಿಮಾನಗಳಿಗೆ ಒಂದೇ ಸಂಖ್ಯೆ ಬಂದುಬಿಡಬಹುದು. ಟಿಕ್ಯಾಸ್ ತನ್ನದೇ ಸಂಖ್ಯೆಯ ಉತ್ತರ ಕೇಳಿದರೆ 'ಇದು ನನ್ನದೇ ದನಿ' ಎಂದು ಅದನ್ನು ಬಿಟ್ಟುಬಿಡುತ್ತದೆ. ಹಾಗಾಗಿ ಒಂದೇ ಸಂಖ್ಯೆಯ ಎರಡು ವಿಮಾನಗಳು ಎದುರಾದರೆ ಒಂದಕ್ಕೊಂದು ಕಾಣದೇ ಹೋಗಬಹುದು. ಪೆಟ್ಟಿಗೆ ಕೆಟ್ಟಿರುವುದಿಲ್ಲ, ದೀಪ ಉರಿಯುತ್ತಿರುತ್ತದೆ, ತಪ್ಪು ಮಾತ್ರ ಒಂದು ಪಿನ್ನಿನಲ್ಲಿ ಕೂತಿರುತ್ತದೆ. ಇಂಥದ್ದು ಆಗಬಾರದೆಂದೇ ಸಂಖ್ಯೆಯನ್ನು ಪರೀಕ್ಷಾ ಯಂತ್ರದಿಂದ ಓದಿ, ದಾಖಲೆಯ ಜೊತೆ ತಾಳೆ ನೋಡುವ ಕ್ರಮ ಇದೆ.

ಎರಡನೆಯದು ಆಂಟೆನಾ. ವಿಮಾನದ ಬೆನ್ನ ಮೇಲೊಂದು, ಹೊಟ್ಟೆಯ ಕೆಳಗೊಂದು. ದಿಕ್ಕು ಹೇಳುವ ಆಂಟೆನಾಕ್ಕೆ ನಾಲ್ಕು ಕೇಬಲ್. ಅದಲುಬದಲಾಗದಿರಲಿ ಎಂದು ಒಂದೊಂದಕ್ಕೂ ಬೇರೆ ಬಣ್ಣದ ಗುರುತು. ಪಂಪ್‌ಸೆಟ್ಟಿನ ಮೂರು ಫೇಸ್ ವೈರುಗಳಲ್ಲಿ ಎರಡು ಅದಲುಬದಲಾದರೆ ಮೋಟಾರು ಉಲ್ಟಾ ತಿರುಗುವುದು ನಮ್ಮ ಊರುಗಳಲ್ಲಿ ಎಲ್ಲರಿಗೂ ಗೊತ್ತು. ಇಲ್ಲಿಯೂ ಹಾಗೆ. ಕೇಬಲ್ ಬದಲಾದರೆ ಎಡಗಡೆಯ ವಿಮಾನ ಪರದೆಯ ಮೇಲೆ ಬಲಗಡೆ ಕಾಣುತ್ತದೆ. ಪೈಲಟ್ ತಪ್ಪು ಕಿಟಕಿಯಲ್ಲಿ ಹುಡುಕುತ್ತಾ ಕೂರುತ್ತಾನೆ.

ಕೇಬಲ್ಲಿನ ಉದ್ದವೂ ಲೆಕ್ಕಕ್ಕೆ ಬರುತ್ತದೆ. ರೇಡಿಯೋ ಅಲೆ ಒಂದು ಮೈಕ್ರೋಸೆಕೆಂಡಿನಲ್ಲಿ ಸುಮಾರು 300 ಮೀಟರ್ ಓಡುತ್ತದೆ. ಹೋಗಿ ಬರುವ ಸಮಯದಲ್ಲಿ ಅಷ್ಟು ತಪ್ಪಾದರೆ ದೂರದಲ್ಲಿ 150 ಮೀಟರ್ ತಪ್ಪು. ಹಾಗಾಗಿ ಕೇಬಲ್ಲಿನಲ್ಲಿ ಆಗುವ ತಡವನ್ನೂ ಜೋಡಿಸುವಾಗಲೇ ಲೆಕ್ಕಕ್ಕೆ ಹಿಡಿಯುತ್ತಾರೆ.

ಮೂರನೆಯದು ನೆಲದಿಂದ ಇರುವ ಎತ್ತರ ಅಳೆಯುವ ರೇಡಿಯೋ ಮಾಪಕ. ಇದರ ತಂತಿ ಟಿಕ್ಯಾಸ್‌ಗೆ ಬರಲೇಬೇಕು. ಇಲ್ಲದಿದ್ದರೆ ನೆಲಕ್ಕೆ ಹತ್ತಿರ ಹಾರುವಾಗಲೂ ಪೆಟ್ಟಿಗೆ 'ಕೆಳಗಿಳಿ' ಎಂದುಬಿಟ್ಟೀತು. ಸುಮಾರು 1,000 ಅಡಿಗಿಂತ ಕೆಳಗೆ ಅದು ಯಾವ ಆಜ್ಞೆಯನ್ನೂ ಕೊಡದಂತೆ ಮಾಡಿದ್ದಾರೆ. ನೆಲಕ್ಕೆ ಬಡಿಯುವ ಅಪಾಯ ಹೇಳುವ ಇನ್ನೊಂದು ಯಂತ್ರ ಕೂಗಿದರೆ ಟಿಕ್ಯಾಸ್ ಸುಮ್ಮನಾಗಬೇಕು. ಅದಕ್ಕೂ ಒಂದು ತಂತಿ.

ನಾಲ್ಕನೆಯದು ಸರದಿ ಕಾಯಿಸುವ ತಂತಿ. ಟಿಕ್ಯಾಸ್, ಟ್ರಾನ್ಸ್‌ಪಾಂಡರ್, ದೂರ ಅಳೆಯುವ ಇನ್ನೊಂದು ರೇಡಿಯೋ, ಎಲ್ಲವೂ ಹತ್ತಿರ ಹತ್ತಿರದ ತರಂಗಾಂತರದಲ್ಲೇ ಮಾತಾಡುತ್ತವೆ. ಒಂದು ಮಾತಾಡುವಾಗ ಉಳಿದವು ಕಿವಿ ಮುಚ್ಚಿಕೊಳ್ಳಲಿ ಎಂದು ಎಲ್ಲಕ್ಕೂ ಸೇರಿಸಿ ಒಂದು ತಂತಿ ಎಳೆದಿರುತ್ತಾರೆ. ಗ್ರಾಮಸಭೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದರೆ ಯಾರ ಮಾತೂ ಕೇಳುವುದಿಲ್ಲವಲ್ಲ, ಅದೇ ತೊಂದರೆ ಇಲ್ಲಿಯೂ.

ಎಲ್ಲ ಮುಗಿದ ಮೇಲೆ ತಂತ್ರಜ್ಞ ವಿಮಾನದ ಹೊರಗೆ ನಿಂತು, ಕೈಯಲ್ಲಿ ಹಿಡಿಯುವ ಯಂತ್ರದಿಂದ ಸುಳ್ಳು ವಿಮಾನವೊಂದನ್ನು ಸೃಷ್ಟಿಸುತ್ತಾನೆ. ಆ ಸುಳ್ಳು ವಿಮಾನ ಹತ್ತಿರ ಬಂದ ಹಾಗೆ ಪೆಟ್ಟಿಗೆ ಸರಿಯಾಗಿ ಕೂಗುತ್ತದೆಯೇ, ಪರದೆಯಲ್ಲಿ ಸರಿಯಾದ ಕಡೆ ಕಾಣುತ್ತದೆಯೇ ಎಂದು ನೋಡುತ್ತಾರೆ.

ದಾದ್ರಿಯ ನಂತರ

ಚರ್ಖಿ ದಾದ್ರಿ ದುರಂತದ ತನಿಖೆ ನಡೆಸಿದ್ದು ನ್ಯಾಯಮೂರ್ತಿ ಆರ್. ಸಿ. ಲಾಹೋಟಿ ಆಯೋಗ. ಅವರು ಮುಂದೆ ದೇಶದ ಮುಖ್ಯ ನ್ಯಾಯಮೂರ್ತಿಯಾದರು. ಕಜಕ್ ವಿಮಾನ ಹೇಳಿದ ಎತ್ತರಕ್ಕಿಂತ ಕೆಳಗೆ ಇಳಿದದ್ದೇ ಕಾರಣ ಎಂದು ಆಯೋಗ ಹೇಳಿತು. ಅಷ್ಟಕ್ಕೇ ಬಿಡಲಿಲ್ಲ. ಬರುವ ಮತ್ತು ಹೋಗುವ ವಿಮಾನಗಳಿಗೆ ಬೇರೆ ಬೇರೆ ದಾರಿ ಬೇಕು, ಎತ್ತರ ತೋರಿಸುವ ರೇಡಾರ್ ಬೇಕು, ಡಿಕ್ಕಿ ತಪ್ಪಿಸುವ ಸಾಧನ ಕಡ್ಡಾಯವಾಗಬೇಕು ಎಂದಿತು. ಭಾರತಕ್ಕೆ ಬಂದು ಹೋಗುವ ಪ್ರಯಾಣಿಕ ವಿಮಾನಗಳಲ್ಲಿ ಈ ಸಾಧನ ಇರಲೇಬೇಕೆಂದು ನಮ್ಮ ನಾಗರಿಕ ವಿಮಾನಯಾನ ನಿರ್ದೇಶನಾಲಯ ಆದೇಶ ಮಾಡಿತು. ಜಗತ್ತಿನ ಮಟ್ಟದಲ್ಲಿ ದೊಡ್ಡ ವಿಮಾನಗಳಿಗೆ ಇದು 2003ರ ಜನವರಿ 1ರಿಂದ ಕಡ್ಡಾಯವಾಯಿತು. 19ಕ್ಕಿಂತ ಹೆಚ್ಚು ಪ್ರಯಾಣಿಕರ ವಿಮಾನಗಳಿಗೆ 2005ರಿಂದ.

ಇದ್ದೂ ಸೋತದ್ದು

ಪೆಟ್ಟಿಗೆ ಬಂದಮೇಲೂ ಎರಡು ದೊಡ್ಡ ದುರಂತಗಳಾದವು. ಎರಡೂ ಬೇರೆ ಬೇರೆ ಪಾಠ.

2002ರ ಜುಲೈ 1ರ ರಾತ್ರಿ, ಜರ್ಮನಿಯ ಊಬರ್ಲಿಂಗನ್ ಊರಿನ ಮೇಲೆ ರಷ್ಯಾದ ಟುಪೊಲೆವ್ 154 ಪ್ರಯಾಣಿಕ ವಿಮಾನ ಮತ್ತು ಸರಕು ಸಾಗಿಸುವ ಬೋಯಿಂಗ್ 757 ಒಂದೇ ಎತ್ತರದಲ್ಲಿದ್ದವು. ಎರಡರಲ್ಲೂ ಟಿಕ್ಯಾಸ್ ಇತ್ತು, ಎರಡೂ ಸರಿಯಾಗಿ ಕೂಗಿದವು. ರಷ್ಯಾದ ವಿಮಾನಕ್ಕೆ ಮೇಲೇರು ಎಂದಿತು, ಸರಕು ವಿಮಾನಕ್ಕೆ ಇಳಿ ಎಂದಿತು. ಆದರೆ ಅದೇ ಹೊತ್ತಿಗೆ ಕೆಳಗಿನ ಕಂಟ್ರೋಲರ್ ರಷ್ಯಾದ ವಿಮಾನಕ್ಕೆ ಇಳಿಯಿರಿ ಎಂದಿದ್ದ. ಆ ರಾತ್ರಿ ಅವನೊಬ್ಬನೇ ಎರಡು ಪರದೆ ನೋಡುತ್ತಿದ್ದ. ಎಚ್ಚರಿಕೆ ಯಂತ್ರ ಮತ್ತು ಫೋನ್ ರಿಪೇರಿಯಲ್ಲಿದ್ದವು. ರಷ್ಯಾದ ಪೈಲಟ್‌ಗಳು ಮನುಷ್ಯನ ಮಾತು ಕೇಳಿದರು, ಸರಕು ವಿಮಾನದವರು ಯಂತ್ರದ ಮಾತು ಕೇಳಿದರು. ಎರಡೂ ಇಳಿದವು. 71 ಜನ ಸತ್ತರು, ಹೆಚ್ಚಿನವರು ರಜೆಗೆ ಹೊರಟ ಮಕ್ಕಳು.

ಯಂತ್ರದ ಆಜ್ಞೆಗೂ ಕಂಟ್ರೋಲರ್ ಮಾತಿಗೂ ಹೊಂದದಿದ್ದರೆ ಯಂತ್ರದ ಆಜ್ಞೆಯನ್ನೇ ಪಾಲಿಸಬೇಕು ಎಂದು ಅಂತರರಾಷ್ಟ್ರೀಯ ನಿಯಮದಲ್ಲಿ ಆಮೇಲೆ ಬಿಡಿಸಿ ಬರೆದರು. ಟಿಕ್ಯಾಸ್‌ನ ತಂತ್ರಾಂಶವನ್ನೂ ತಿದ್ದಿದರು. ಒಬ್ಬ ಪೈಲಟ್ ಆಜ್ಞೆ ಮೀರಿದ್ದು ಗೊತ್ತಾದರೆ ಇನ್ನೊಂದು ವಿಮಾನಕ್ಕೆ ಆಜ್ಞೆ ತಿರುಗಿಸಿ ಕೊಡುವ ಲೆಕ್ಕ ಸುಧಾರಿಸಿತು.

2006ರ ಸೆಪ್ಟೆಂಬರ್ 29ರಂದು ಬ್ರೆಜಿಲ್‌ನ ಅಮೆಜಾನ್ ಕಾಡಿನ ಮೇಲೆ ಬೋಯಿಂಗ್ 737 ಮತ್ತು ಒಂದು ಸಣ್ಣ ಜೆಟ್ ವಿಮಾನ ಎದುರುಬದುರಾದವು. ಎರಡೂ ಹೊಸ ವಿಮಾನಗಳೇ, ಎರಡರಲ್ಲೂ ಟಿಕ್ಯಾಸ್ ಇತ್ತು. ಆದರೆ ಸಣ್ಣ ಜೆಟ್‌ನ ಟ್ರಾನ್ಸ್‌ಪಾಂಡರ್ ಸ್ಟ್ಯಾಂಡ್‌ಬೈ ಸ್ಥಿತಿಗೆ ಹೋಗಿತ್ತು. ಪೈಲಟ್‌ಗಳು ಗಮನಿಸಿರಲಿಲ್ಲ. ಟ್ರಾನ್ಸ್‌ಪಾಂಡರ್ ಸುಮ್ಮನಾದರೆ ಆ ವಿಮಾನದ ಟಿಕ್ಯಾಸ್ ಕೂಡ ಸುಮ್ಮನಾಗುತ್ತದೆ. ಬೋಯಿಂಗ್ ಕೂಗಿದ್ದಕ್ಕೆ ಓಗೊಡುವವರೇ ಇರಲಿಲ್ಲ. ಬೋಯಿಂಗ್‌ನ 154 ಜನ ಸತ್ತರು. ಸಣ್ಣ ಜೆಟ್ ರೆಕ್ಕೆಯ ತುದಿ ಕಳೆದುಕೊಂಡು ಹೇಗೋ ಇಳಿಯಿತು.

ನಮ್ಮ ತಲೆಯ ಮೇಲೆ

ಇದೆಲ್ಲ ದೂರದ ಮಾತು ಎನಿಸಬಹುದು. 2018ರ ಜುಲೈ 10ರಂದು ಬೆಂಗಳೂರಿನ ವಾಯುಪ್ರದೇಶದಲ್ಲೇ ಎರಡು ಪ್ರಯಾಣಿಕ ವಿಮಾನಗಳು ಹತ್ತಿರ ಬಂದವು. ಒಂದು ಕೊಯಮತ್ತೂರಿನಿಂದ ಹೈದರಾಬಾದಿಗೆ, ಇನ್ನೊಂದು ಬೆಂಗಳೂರಿನಿಂದ ಕೊಚ್ಚಿಗೆ ಹೊರಟಿತ್ತು. ಎತ್ತರದ ಅಂತರ ಸುಮಾರು 200 ಅಡಿಗೆ ಇಳಿದಿತ್ತು. ಒಂದರ ಮೇಲೊಂದು ನಿಲ್ಲಿಸಿದ ಮೂರು ತೆಂಗಿನ ಮರದಷ್ಟು. ಎರಡರಲ್ಲಿಯೂ ಸೇರಿ 328 ಪ್ರಯಾಣಿಕರಿದ್ದರು. ಟಿಕ್ಯಾಸ್ ಕೂಗಿತು, ಪೈಲಟ್‌ಗಳು ಅದರಂತೆ ನಡೆದರು, ಎಲ್ಲರೂ ಮನೆ ಸೇರಿದರು.

ಪತ್ರಿಕೆಗಳಲ್ಲಿ ಅದು ಒಂದು ದಿನದ ಸುದ್ದಿಯಾಗಿ ಮುಗಿಯಿತು. ದಾದ್ರಿಯ ಹೊಲಗಳಲ್ಲಿ ಬಿದ್ದದ್ದು 349 ಜನ. ಅವರಲ್ಲಿ ಅದೆಷ್ಟೋ ಮಂದಿ ಊರಿನಲ್ಲಿ ಸಾಲ ಮಾಡಿ, ವೀಸಾ ಮಾಡಿಸಿಕೊಂಡು, ಕೂಲಿಗೆಂದು ಹೊರಟವರು. ಇವತ್ತು ನಮ್ಮ ಮಂಗಳೂರು, ಭಟ್ಕಳ ಕಡೆಯಿಂದ ಕೊಲ್ಲಿ ದೇಶಗಳಿಗೆ ಹೋಗುವವರೂ ಇಂಥವರೇ. ಅವರು ಕೂತ ವಿಮಾನದಲ್ಲಿ ಆ ಪೆಟ್ಟಿಗೆ ಇದೆ. ಅದು ಸರಿಯಾಗಿ ಕೂಗಬೇಕಾದರೆ ಯಾರೋ ಒಬ್ಬ ತಂತ್ರಜ್ಞ ರಾತ್ರಿ ಪಾಳಿಯಲ್ಲಿ 24 ಪಿನ್‌ಗಳನ್ನು ಒಂದೊಂದಾಗಿ ತಾಳೆ ನೋಡಿರಬೇಕು. ಎದುರಿನ ವಿಮಾನದಲ್ಲೂ ಇನ್ನೊಬ್ಬ ಅಷ್ಟೇ ನಿಷ್ಠೆಯಿಂದ ನೋಡಿರಬೇಕು. ಕೂಗು ಬಂದಾಗ ಪೈಲಟ್ ಅದನ್ನು ಕೇಳಬೇಕು. ಇಷ್ಟರಲ್ಲಿ ಒಂದು ತಪ್ಪಿದರೂ ಏನಾಗುತ್ತದೆ ಎಂಬುದನ್ನು ಊಬರ್ಲಿಂಗನ್, ಅಮೆಜಾನ್ ತೋರಿಸಿವೆ. ಎಲ್ಲವೂ ಸರಿಯಾಗಿದ್ದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರಿನ ಆ ಜುಲೈ ದಿನ ತೋರಿಸಿದೆ.